ನೆಂಟರ ಬೆಲೆ

ಲೋಕದ ವೈನುಗಳನ್ನೆಲ್ಲ ಮೂಸಿ, ಸವಿದು, ಶಾಲೆಯ ಮಕ್ಕಳಿಗೆ ಕೊಟ್ಟಂತೆ ಅಂಕ ಕೊಡುವ ಶ್ರೀಮಾನ್ ಆಲಿಸ್ಟರ್ ಪೆಂಬ್ರಿಡ್ಜ್ ಅವರ ಸನ್ನಿಧಾನಕ್ಕೆ, ಚಿಲಿ ದೇಶದ ಇತಾತಾ ಕಣಿವೆಯಲ್ಲಿ ಗುಡ್ಡದ ಮೇಲಿನ ದ್ರಾಕ್ಷಿ ಬೆಳೆಗಾರರ ಮನೆಯ ಸೊಸೆ ಓರ್ಫೆಲಿನಾ ಅರಿಯಾಗಾದಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮಗಿಂತ ಹೆಚ್ಚಾಗಿ ತಮ್ಮ ನಾಲಿಗೆ ಕ್ಷೇಮವಾಗಿರಲಿ ಎಂದು ಹಾರೈಸುತ್ತೇನೆ, ಏಕೆಂದರೆ ನಮ್ಮ ಅತ್ತೆಯ ಮುತ್ತಜ್ಜಿ ನೆಟ್ಟ ಬಳ್ಳಿಗಳು ಈ ಚಳಿಗಾಲ ಕಳೆದು ಬದುಕುತ್ತವೆಯೋ ಇಲ್ಲವೋ ಎಂಬುದು ಈಗ ಅದರ ಮೇಲೆ ನಿಂತಿದೆ. ಇಷ್ಟು ದೊಡ್ಡ ಭಾರವನ್ನು ಅಷ್ಟು ಚಿಕ್ಕ ಅಂಗದ ಮೇಲೆ ಹೊರಿಸಿದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ತಮ್ಮ ಘನ ಪತ್ರಿಕೆಯಲ್ಲಿ ನಮ್ಮ ಕಣಿವೆಯ ಬಗ್ಗೆ ತಾವು ಬರೆದ ಲೇಖನ ಕೊಯ್ಲಿಗೆ ಸ್ವಲ್ಪ ಮುಂಚೆ ನಮ್ಮ ಊರಿಗೆ ಬಂದು ಮುಟ್ಟಿತು. ಶಾಲೆಯ ಮೇಷ್ಟ್ರು ಅದನ್ನು ನಮ್ಮ ಭಾಷೆಗೆ ತಿರುಗಿಸಿಕೊಂಡು ಬಂದು ನಮ್ಮ ದ್ರಾಕ್ಷಿ ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಓದಿದರು. ನೆರೆಯವರೆಲ್ಲ ಒಗೆದ ಬಟ್ಟೆ ತೊಟ್ಟು ಬಂದಿದ್ದರು. ಶೀರ್ಷಿಕೆ ಕೇಳಿಯೇ ನಮಗೆ ರೋಮಾಂಚನವಾಯಿತು: 'ಯಾರ ಕಣ್ಣಿಗೂ ಬೀಳದ ಕಣಿವೆ, ಕೊಟ್ಟ ಕಾಸಿಗೆ ಮೋಸವಿಲ್ಲ.' ನಾವು ಯಾರ ಕಣ್ಣಿಗೂ ಬಿದ್ದಿಲ್ಲವೆಂಬುದು ನಮಗೆ ಅಂದಿನವರೆಗೆ ತಿಳಿದೇ ಇರಲಿಲ್ಲ ನೋಡಿ. ತೆರಿಗೆಯವರ ಕಣ್ಣಿಗೆ ತಪ್ಪದೆ ಬಿದ್ದಿದ್ದೇವೆ. ಬೇಸಿಗೆಯ ಕಾಡ್ಗಿಚ್ಚು ನಮ್ಮ ಮನೆಯ ದಾರಿಯನ್ನು ಒಂದು ವರ್ಷವೂ ಮರೆತಿಲ್ಲ. ಸುತ್ತಲಿನ ಗುಡ್ಡಗಳನ್ನೆಲ್ಲ ಕೊಂಡು ಪೈನ್ ಮರ, ನೀಲಗಿರಿ ಮರ ನೆಟ್ಟಿರುವ ಮರದ ಕಂಪನಿಯವರಂತೂ ನಮ್ಮನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಆದರೂ ತಾವು ನೋಡುವವರೆಗೆ ಯಾರೂ ನೋಡಿಲ್ಲವೆಂದೇ ಲೆಕ್ಕವೆಂದು ಮೇಷ್ಟ್ರು ವಿವರಿಸಿದ ಮೇಲೆ ನಾವು ವಿನಯದಿಂದ ಒಪ್ಪಿಕೊಂಡೆವು.

ನಮ್ಮ ವೈನು ಏಕೆ ಅಗ್ಗವೆಂಬುದಕ್ಕೆ ತಾವು ಕೊಟ್ಟ ಕಾರಣಗಳು ಮುತ್ತಿನಂಥವು. ಬಳ್ಳಿಗಳು ಹಳೆಯವು, ಆದ್ದರಿಂದ ಅಗ್ಗ. ನೀರು ಹಾಯಿಸುವುದಿಲ್ಲ, ಮಳೆಗೇ ಬಿಟ್ಟಿದ್ದಾರೆ, ಆದ್ದರಿಂದ ಅಗ್ಗ. ಹೆಸರಿಲ್ಲದ ಕಣಿವೆ, ಹಳೇ ಮರದ ತೊಟ್ಟಿ, ಸರಳ ಜನ, ಆದ್ದರಿಂದ ಇನ್ನೂ ಅಗ್ಗ. ತಾವು ಕುದುರೆಯ ಬಗ್ಗೆ ಬರೆದ ಸಾಲನ್ನಂತೂ ಅತ್ತೆ ಎರಡು ಸಲ ಓದಿಸಿದರು: 'ಇಲ್ಲಿನವರು ಈಗಲೂ ಕುದುರೆ ಕಟ್ಟಿ ಉಳುತ್ತಾರೆ, ಆ ಮೋಡಿಗೆ ಬೆಲೆಯನ್ನೇ ಕೇಳುವುದಿಲ್ಲ.' ಟ್ರ್ಯಾಕ್ಟರು ಈ ಇಳಿಜಾರಿಗೆ ಬಂದರೆ ಉರುಳಿ ಹೊಳೆ ಸೇರುತ್ತದೆ ಎಂಬ ಕ್ಷುಲ್ಲಕ ಸಂಗತಿಯನ್ನು ತಾವು ಓದುಗರ ಸಂತೋಷಕ್ಕೆ ಅಡ್ಡಿಯಾಗದಂತೆ ಬಿಟ್ಟಿದ್ದೀರಿ. ಕುದುರೆ ಹುಲ್ಲು ತಿನ್ನುತ್ತದೆ ಎಂಬುದನ್ನೂ ಬಿಟ್ಟಿದ್ದೀರಿ.

ಒಂದೇ ಒಂದು ಕಾರಣ ತಮ್ಮ ಸೂಕ್ಷ್ಮ ಮೂಗಿಗೆ ತಪ್ಪಿಹೋಗಿದೆ. ಅದನ್ನು ನಾನು ಸೇರಿಸಲು ಅನುಮತಿ ಬೇಡುತ್ತೇನೆ. ಕೊಯ್ಲಿನಲ್ಲಿ ನೆರೆಯವರೆಲ್ಲ ನಮ್ಮ ಗುಡ್ಡಕ್ಕೆ ಬಂದು ಕೂಲಿಯಿಲ್ಲದೆ ಗೊನೆ ಕೊಯ್ಯುತ್ತಾರೆ, ತೊಟ್ಟಿಯ ಮೇಲೆ ಹಾಸಿದ ಬಿದಿರ ತಡಿಕೆಗೆ ಅಂಗೈ ಕೆಂಪಾಗುವವರೆಗೆ ಹಣ್ಣು ತಿಕ್ಕಿ ತೊಟ್ಟು ಬೇರ್ಪಡಿಸುತ್ತಾರೆ. ಮರುವಾರ ನಾವು ಅವರ ಗುಡ್ಡಕ್ಕೆ ಹೋಗುತ್ತೇವೆ. ಇದನ್ನು ನಾವು ಮಿಂಗಾಕೊ ಎನ್ನುತ್ತೇವೆ. ಬಂದವರಿಗೆ ಹೊಟ್ಟೆ ತುಂಬ ಮಾಂಸದ ಸಾರು, ಹುರಿದ ಗೋಧಿ ಹಿಟ್ಟು ಕಲಸಿದ ವೈನು, ಸಂಜೆಗೆ ಗಿಟಾರು. ನೆರೆಯ ದೊನ್ ನಿಕಾಸಿಯೊನ ಸೊಂಟನೋವನ್ನು ಯಾರೂ ಬಾಟಲಿಯ ಬೆಲೆಗೆ ಸೇರಿಸುವುದಿಲ್ಲ, ಅತ್ತೆಯ ಮಂಡಿಯನ್ನೂ ಸೇರಿಸುವುದಿಲ್ಲ, ನನ್ನದನ್ನು ಕೇಳುವವರೇ ಇಲ್ಲ. ಇವೆಲ್ಲವನ್ನೂ ತಮ್ಮ ಓದುಗರು ಪುಕ್ಕಟೆಯಾಗಿ ಕುಡಿಯುತ್ತಾರೆ. ಕೊಟ್ಟ ಕಾಸಿಗೆ ಮೋಸವಿಲ್ಲವೆಂದು ತಾವು ಬರೆದದ್ದು ಅಕ್ಷರಶಃ ನಿಜ. ಮೋಸ ಬೇರೆ ಕಡೆ ಇದೆ.

ಇನ್ನು ಬೆಲೆಯ ವಿಷಯ. ಇಲ್ಲಿ ನಾನು ಅಳುಕುತ್ತ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ನನ್ನ ಗಂಡ ಬಾಲ್ದೊಮೇರೊನ ಪಾಲೂ ಇದೆ, ಮತ್ತು ಅವನು ಈ ಪತ್ರ ಬರೆಯುವಾಗ ಪಕ್ಕದಲ್ಲೇ ಕೂತು ಒಲೆಯ ಬೂದಿ ಕೆದಕುತ್ತಿದ್ದಾನೆ. ನಮಗೆ ನಡುಬೇಸಿಗೆಯಾದ ಜನವರಿಯ ಆ ಬಿಸಿಲಲ್ಲಿ ತಾವು ಬಿಳಿ ಬೂಟು ತೊಟ್ಟು, ದುಭಾಷಿ ಹುಡುಗಿಯನ್ನು ಹಿಂದಿಟ್ಟುಕೊಂಡು ನಮ್ಮ ಚಪ್ಪರಕ್ಕೆ ದಯಮಾಡಿಸಿದಾಗ, ಅವನು ತಮಗಾಗಿ ಮೂಲೆಯ ತೊಟ್ಟಿಯನ್ನು ತೆರೆದ. ಅದನ್ನು ಅವನು ನನ್ನ ತಮ್ಮನ ಮದುವೆಗೂ ತೆರೆದಿರಲಿಲ್ಲ. ತಾವು ಲೋಟದ ಮೇಲೆ ಲೋಟ ರುಚಿ ನೋಡಿ, ಆಕಾಶ ನೋಡಿ, ಪುಸ್ತಕದಲ್ಲಿ ಗೀಚಿ, ಕೊನೆಗೆ "ಇದರ ಬೆಲೆ ಎಷ್ಟು?" ಎಂದು ಕೇಳಿಸಿದಿರಿ.

ಮಾನ್ಯರೇ, ನಮ್ಮ ಕಡೆ ಮನೆಯ ವೈನು ಕುಡಿದವನು ನೆಂಟ. ನೆಂಟ ಬೆಲೆ ಕೇಳಬಾರದು. ಕೇಳಿಬಿಟ್ಟರೆ ಮನೆಯವನು ನಾಚಿಕೊಂಡು, ಬಾಯಿಗೆ ಬಂದ ಚಿಲ್ಲರೆ ಮೊತ್ತ ಹೇಳಿ ಮಾತು ಬದಲಿಸಬೇಕು, ಕೇಳಿದವನು "ಛೆ ಛೆ, ಏನಣ್ಣ ಇದು, ಇಷ್ಟಕ್ಕೆ ಕೊಟ್ರೆ ಮನೆ ನಡೆಯುತ್ತಾ?" ಎಂದು ಗದರಿ, ಅದರ ಎರಡರಷ್ಟನ್ನು ಮೇಜಿನ ಮೇಲಿಟ್ಟು ಎದ್ದು ಹೋಗಬೇಕು. ಇದನ್ನು ನೆಂಟರ ಬೆಲೆ ಎನ್ನುತ್ತೇವೆ. ಇದು ಬೆಲೆಯಲ್ಲ, ಮರ್ಯಾದೆ. ಬಾಲ್ದೊಮೇರೊ ತನ್ನ ಪಾಲಿನದನ್ನು ಚಾಚೂ ತಪ್ಪದೆ ಮಾಡಿದ: ಟೋಪಿ ತೆಗೆದ, ನೆಲ ನೋಡಿದ, ಪೇಟೆಯಲ್ಲಿ ಒಂದು ಬ್ರೆಡ್ಡೂ ಒಂದು ಈರುಳ್ಳಿಯೂ ಸಿಗುವಷ್ಟು ಮೊತ್ತ ಹೇಳಿದ, ಆಮೇಲೆ ತಮ್ಮ ತಾಯಿಯ ಆರೋಗ್ಯ ವಿಚಾರಿಸಿದ. ತಾವು ಗದರಲಿಲ್ಲ. ಮೇಜಿನ ಮೇಲೆ ಏನನ್ನೂ ಇಡಲಿಲ್ಲ. ಆ ಮೊತ್ತವನ್ನು ಬರೆದುಕೊಂಡು, ಅಡಿಗೆರೆ ಎಳೆದು, ನನ್ನ ಗಂಡನ ಕೈ ಕುಲುಕಿ, ಉಡುಗೊರೆ ಕೊಟ್ಟ ಬಾಟಲಿಗಳನ್ನು ಕಾರಿನಲ್ಲಿಟ್ಟುಕೊಂಡು ಹೊರಟಿರಿ. ತಪ್ಪಾಯಿತೆಂದು ಆ ಕ್ಷಣವೇ ನನಗೆ ಗೊತ್ತಾಯಿತು, ಆದರೆ ನೆಂಟರ ಬೆನ್ನ ಹಿಂದೆ ಓಡಿಹೋಗಿ ಬೆಲೆ ತಿದ್ದುವುದು ಈ ಕಣಿವೆಯಲ್ಲಿ ಯಾವ ಹೆಂಗಸೂ ಮಾಡದ ಕೆಲಸ.

ತಾವು ಅದನ್ನು ಅಚ್ಚು ಹಾಕಿಸಿದಿರಿ. ಕೊಯ್ಲು ಮುಗಿದ ಮೇಲೆ ಕೊಎಲೆಮು ಪೇಟೆಯ ವೈನು ವ್ಯಾಪಾರಿ ದೊನ್ ಕುಸ್ತೋದಿಯೊ ಆ ಹಾಳೆಯನ್ನು ದೇವರ ಪಟದ ಹಾಗೆ ಎದೆಗೆ ಹಿಡಿದುಕೊಂಡು ಬಂದ. "ನಿಮ್ಮ ಯಜಮಾನ್ರೇ ಹೇಳಿದ ರೇಟು ತಾಯಿ, ನಾನ್ ಹೇಳಿದ್ದಲ್ಲ. ಇಂಗ್ಲೆಂಡಲ್ಲೇ ಗೊತ್ತಾಗ್ಬಿಟ್ಟಿದೆ, ಇನ್ನು ನಾನ್ ಜಾಸ್ತಿ ಕೊಟ್ರೆ ನನ್ ಮರ್ಯಾದೆ ಏನಾಗ್ಬೇಕು?" ಎಂದ. ಮಿಕ್ಕ ವ್ಯಾಪಾರಿಗಳೂ ಅದನ್ನೇ ಹಾಡಿದರು. ನೆರೆಯ ಗುಡ್ಡಗಳವರಿಗೂ ಅದೇ ಬೆಲೆ ಬಂತು. ದೊನ್ ನಿಕಾಸಿಯೊ ಈಗ ನಮ್ಮ ಬೇಲಿಯ ಹತ್ತಿರ ಬಂದರೆ ಬಾಲ್ದೊಮೇರೊನನ್ನು ಬಿಟ್ಟು ಕುದುರೆಯನ್ನು ಮಾತಾಡಿಸುತ್ತಾನೆ. ವೈನೆಲ್ಲ ತೊಟ್ಟಿಯಲ್ಲೇ ಇದೆ. ಆ ಬೆಲೆಗೆ ಮಾರಿದರೆ ಮುಂದಿನ ವರ್ಷ ಗುಡ್ಡ ಉಳಲಾಗದು, ಮಾರದಿದ್ದರೆ ಈ ವರ್ಷವೇ ಆಗದು.

ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದ ಮರದ ಕಂಪನಿಯವರು ಸರಿಯಾದ ಹೊತ್ತಿಗೆ ಆಳು ಕಳಿಸಿದರು. ಬಳ್ಳಿ ಕಿತ್ತು ಪೈನ್ ನೆಡಲು ಗುಡ್ಡ ಕೊಡುತ್ತೀರೋ ಇಲ್ಲವೋ, ಜೂನ್ ಚಳಿಯಲ್ಲಿ ಬರುವ ಸಾನ್ ಹುವಾನ್ ಹಬ್ಬದೊಳಗೆ ಹೇಳಿ ಎಂದರು. ಗುಡ್ಡ ಅತ್ತೆ ಎರ್ಮಿನಿಯಾ ಅವರ ಹೆಸರಿನಲ್ಲಿದೆ. ಅವರು ಮೂರ್ನಾಲ್ಕು ದಿನ ಬಳ್ಳಿಗಳ ನಡುವೆ ಓಡಾಡಿ, ಕೊನೆಗೊಂದು ದಿನ ಊಟದ ಮೇಜಿಗೆ ಬಂದು ಮಗನನ್ನು ಕೇಳಿದರು: "ಲೋ ಬಾಲ್ದೊ, ಆ ಬಿಳೀ ಬೂಟಿನವ್ನು ಅವತ್ತು ಎಷ್ಟು ಕುಡ್ದ?"

"ಬೇಕಾದಷ್ಟು ಕುಡ್ದ ಕಣಮ್ಮ. ಎಲ್ಲಾ ತೊಟ್ಟೀದೂ ನೋಡ್ದ."

"ನೋಡಿದ್ದಲ್ವೋ, ನುಂಗಿದ್ದು ಎಷ್ಟು ಅಂತ ಕೇಳ್ತಿರೋದು. ಬಾಯಲ್ಲಿ ಗುಳುಗುಳು ಅನ್ಸಿ ಬಕೆಟ್ಟಿಗೆ ಪಿಚಕ್ ಪಿಚಕ್ ಅಂತ ಉಗೀತಿದ್ನಲ್ಲೋ! ನನ್ ಮೊಮ್ಮಗ ಹಂಗ್ ಮಾಡಿದ್ರೆ ಕೆನ್ನೆಗ್ ಬಿಡ್ತಿದ್ದೆ. ನುಂಗ್ದೇ ಇದ್ದೋನು ನೆಂಟ ಹೆಂಗಾದ? ನೆಂಟ ಅಲ್ದೋನಿಗೆ ನೆಂಟರ ಬೆಲೆ ಎಲ್ಲಿಂದ ಬಂತು?"

ಮಾನ್ಯರೇ, ಬಾಲ್ದೊಮೇರೊ ಎದ್ದು ನಿಂತು ತಾಯಿಯ ಕೈಗೆ ಮುತ್ತು ಕೊಟ್ಟ. ನಾನು ಅತ್ತುಬಿಟ್ಟೆ. ಮದುವೆಗೂ ತೆರೆಯದ ತೊಟ್ಟಿಯ ವೈನನ್ನು ತಾವು ಗುಟುಕು ಗುಟುಕಾಗಿ ನಮ್ಮ ಕಣ್ಣೆದುರೇ ಉಗುಳಿದಾಗ ಅದು ತಮ್ಮ ದೇಶದ ಶಿಷ್ಟಾಚಾರವಿರಬಹುದೆಂದು ನುಂಗಿಕೊಂಡವರು ನಾವು. ಆ ಅವಮಾನವೇ ಒಂದು ದಿನ ನಮ್ಮ ಕೈ ಹಿಡಿಯುತ್ತದೆಂದು ಯಾರು ತಿಳಿದಿದ್ದರು? ದೊನ್ ನಿಕಾಸಿಯೊನನ್ನು ಕರೆಸಿ ಕೇಳಿದ್ದಕ್ಕೆ, ಅವನೂ ಬೇಲಿಯಾಚೆಯಿಂದ ತಮ್ಮನ್ನು ನೋಡಿದ್ದಾಗಿ ಹೇಳಿದ: "ಒಂದ್ ತೊಟ್ಟೂ ಗಂಟಲಿಂದ ಕೆಳಗ್ ಇಳೀಲಿಲ್ಲ ಎರ್ಮಿನಿಯಕ್ಕ, ಪಾದ್ರಿಗಳ ಮುಂದೆ ಬೇಕಾದ್ರೂ ಹೇಳ್ತೀನಿ." ಅಂದಿನಿಂದ ಅವನು ನಮ್ಮೊಂದಿಗೆ ಮತ್ತೆ ಮಾತಾಡುತ್ತಿದ್ದಾನೆ. ಇದೊಂದು ಉಪಕಾರವನ್ನು ತಮ್ಮ ಹೆಸರಿಗೆ ಬರೆದಿದ್ದೇವೆ.

ಮರದ ಕಂಪನಿಯ ಆಳು ಕಳೆದ ವಾರ ಪುನಃ ಬಂದು, ಬಾಗಿಲಲ್ಲೇ "ಅಮ್ಮಾ, ನಿಮ್ ವೈನ್ ಹೆಸರು ಎಲ್ಲಾ ಕಡೆ ಓಡಾಡ್ತಿದೆ, ನಂಗೂ ಒಂದ್ ಲೋಟ ಕೊಡಿ" ಎಂದು ಹಲ್ಲು ಕಿರಿದ. ನನ್ನ ಗಂಡ ಅಭ್ಯಾಸಬಲದಿಂದ ಹೂಜಿಗೆ ಕೈ ಹಾಕಿಯೇಬಿಟ್ಟಿದ್ದ. ಆ ಆಳಿಗೆ ಕುಡಿಸಿ ನೆಂಟನನ್ನಾಗಿ ಮಾಡಿಕೊಂಡರೆ ನನ್ನ ಗಂಡ ಗುಡ್ಡಕ್ಕೂ ನೆಂಟರ ಬೆಲೆ ಹೇಳಿಬಿಡುತ್ತಾನೆಂದು ನಾನು ಅತ್ತೆಯತ್ತ ನೋಡಿದೆ. ಅತ್ತೆ ಹೂಜಿಯನ್ನು ಕಿತ್ತುಕೊಂಡು ಒಳಗಿಟ್ಟು, ಆ ಮನುಷ್ಯನಿಗೆ ಸಕ್ಕರೆಯಿಲ್ಲದ ಟೀ ಕೊಟ್ಟರು. "ಹಬ್ಬ ಇನ್ನೂ ಬಂದಿಲ್ಲ. ಟೀ ಕುಡ್ದು ಹೊರಡಿ" ಎಂದರು. ಅವನು ಹೊರಟ. ಆದರೆ ಹಬ್ಬ ಬರುತ್ತದೆ ಮಾನ್ಯರೇ, ಅದು ತಡೆದರೆ ನಿಲ್ಲುವಂಥದ್ದಲ್ಲ, ಮತ್ತು ವ್ಯಾಪಾರಿಗಳು ಅತ್ತೆಯ ತೀರ್ಪನ್ನು ಕೇಳಿ ನಗುತ್ತಾರೆ. ಅಚ್ಚಾದದ್ದನ್ನು ಅಚ್ಚೇ ಅಳಿಸಬೇಕಂತೆ.

ಆದ್ದರಿಂದ ತಮ್ಮ ಪಾದಗಳಲ್ಲಿ ನಮ್ಮ ಅತ್ಯಲ್ಪ ಬಿನ್ನಹಗಳು. ತಾವು ಮುಂದಿನ ಸಂಚಿಕೆಯಲ್ಲೇ, ಅದೇ ದಪ್ಪ ಅಕ್ಷರಗಳಲ್ಲಿ, ಇತಾತಾ ಕಣಿವೆಯ ವೈನನ್ನು ತಾವು ನುಂಗಿಲ್ಲವೆಂದೂ, ಆ ಕಾರಣ ತಾವು ಬರೆದ ಬೆಲೆ ಅನೂರ್ಜಿತವೆಂದೂ ಪ್ರಕಟಿಸಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನಮ್ಮ ವೈನು ಬಲು ದುಬಾರಿ, ಯೋಗ್ಯತೆಗೆ ಮೀರಿದ ಬೆಲೆ, ಕೊಳ್ಳುವವರು ಮೂರ್ಖರು ಎಂದಾದರೂ ಬರೆಯಿರಿ. ಶ್ರೀಮಂತರು ಸಾಲುಗಟ್ಟಿ ಬರುತ್ತಾರೆಂದು ಮೇಷ್ಟ್ರು ಹೇಳುತ್ತಾರೆ. ಎರಡೂ ಆಗದಿದ್ದರೆ ನಮ್ಮನ್ನು ಮೊದಲಿನಂತೆ ಯಾರ ಕಣ್ಣಿಗೂ ಬೀಳದವರನ್ನಾಗಿ ಮಾಡಿಕೊಡಿ, ತಮ್ಮ ಓದುಗರಿಗೆಲ್ಲ ಪತ್ರ ಬರೆದು ಆ ಹಾಳೆಯನ್ನು ಮರೆಯುವಂತೆ ಕೋರಿ. ಇದ್ಯಾವುದಕ್ಕೂ ತಮಗೆ ಬಿಡುವಿಲ್ಲವಾದರೆ, ಇನ್ನು ಕೆಲವು ವರ್ಷಗಳಲ್ಲಿ ಈ ಗುಡ್ಡದಲ್ಲಿ ಸೊಗಸಾದ ಪೈನ್ ತೋಪು ಎದ್ದಿರುತ್ತದೆ. ಅದಕ್ಕೂ ನೀರು ಹಾಯಿಸುವುದಿಲ್ಲ, ಅದೂ ಅಗ್ಗ. ಆಗ ಬಂದು ಅದರ ತೊಗಟೆಯನ್ನು ರುಚಿ ನೋಡಿ ಅಂಕ ಕೊಡಿ. ಈ ಸಲವಾದರೂ ಉಗುಳದೆ ನುಂಗಬೇಕಾಗಿ ವಿನಂತಿ.

ತಮ್ಮ ನಾಲಿಗೆಯ ಮೇಲೆ ಅಪಾರ ಗೌರವವುಳ್ಳ,

ತಮ್ಮ ವಿಶ್ವಾಸಿ,
ಓರ್ಫೆಲಿನಾ ಅರಿಯಾಗಾದಾ

ಮರೆತ ಮಾತು: ತಾವು ತುಂಬಿಸಿಟ್ಟು ಹೋದ ಬಕೆಟ್ಟನ್ನು ಅಂದು ಸಂಜೆ ನಮ್ಮ ಹಂದಿ ಒಂದು ತೊಟ್ಟೂ ಬಿಡದೆ ಕುಡಿದು, ನುಂಗಿ, ಚಪ್ಪರದ ಕಂಬಕ್ಕೆ ಒರಗಿ ಮಲಗಿತು. ಆದ್ದರಿಂದ ತಾವು ಬರೆದ ಬೆಲೆಗೆ ಈ ಕಣಿವೆಯಲ್ಲಿ ಹಕ್ಕಿರುವುದು ಅದೊಂದಕ್ಕೇ ಎಂದು ಅತ್ತೆ ತೀರ್ಪು ಕೊಟ್ಟಿದ್ದಾರೆ. ನಮ್ಮಲ್ಲಿ ಸಾನ್ ಹುವಾನ್ ಹಬ್ಬಕ್ಕೆ ಹಂದಿ ಕಡಿಯುವುದು ಪದ್ಧತಿ. ಮನೆಯ ನೆಂಟನಾದ್ದರಿಂದ ಈ ವರ್ಷ ಅದನ್ನು ಕಡಿಯುವುದಿಲ್ಲವೆಂದು ತೀರ್ಮಾನವಾಗಿದೆ. ಬಳ್ಳಿಗಳ ವಿಷಯ ಇನ್ನೂ ತೀರ್ಮಾನವಾಗಿಲ್ಲ.