ಒಂದೇ ಸೆಲ್ಲಿನ ಮೊಟ್ಟೆ

“ಮೊಟ್ಟೆ ವಿಷಯದಾಗೆ ನಂಗೆ ಬುದ್ಧಿ ಹೇಳೋನು ಈ ಸೇಲಂ ಜಿಲ್ಲೆನಾಗೆ ಇನ್ನೂ ಹುಟ್ಟಿಲ್ಲ!”

ನಂಗವಳ್ಳಿಯ ಕುಪ್ಪಸ್ವಾಮಿ ಹೀಗೆ ಸಾರಿದ್ದು ಸಂತೆಯಲ್ಲಲ್ಲ, ಸ್ವಂತ ಅಡುಗೆಮನೆಯಲ್ಲಿ. ಎದುರಿಗಿದ್ದವರು ಹೆಂಡತಿ ಮಾಲತಿ, ಒಂಬತ್ತನೇ ಕ್ಲಾಸಿನ ಮಗಳು ಮೀನಾ, ಮತ್ತು ಮೀನಾಳ ಅಂಗೈಯಲ್ಲಿ ಒಂದು ಬಿಳಿ ಮೊಟ್ಟೆ.

ಕುಪ್ಪಸ್ವಾಮಿಯದು ನಾಟಿಕೋಳಿ ಮೊಟ್ಟೆ ವ್ಯಾಪಾರ. ಇಪ್ಪತ್ತೆರಡು ವರ್ಷದಿಂದ ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಮಾರಂಡಹಳ್ಳಿ ತನಕ ಹಳ್ಳಿ ಹಳ್ಳಿ ಸುತ್ತಿ ಮೊಟ್ಟೆ ತರುವವನು. ಉಳಿದ ವ್ಯಾಪಾರಿಗಳು ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಇವನು ನೋಡುವುದಿಲ್ಲ. “ಬೆಳಕು ತಿಳೀದೋರಿಗೆ. ನಂಗೆ ಕೈ ಸಾಕು” ಅನ್ನುತ್ತಾನೆ. ಅಂಗೈಯಲ್ಲಿಟ್ಟು ಒಮ್ಮೆ ತೂಗಿದರೆ ಸಾಕು, ಇಟ್ಟು ಎಷ್ಟು ದಿನವಾಯಿತು, ಇಡುವಾಗ ಕೋಳಿಗೆ ಸಿಟ್ಟಿತ್ತೋ ಸಮಾಧಾನವಿತ್ತೋ ಅದನ್ನೂ ಹೇಳಿಬಿಡುತ್ತಾನೆ! ಕೋಳಿ ಬಂದು ಸಾಕ್ಷಿ ನುಡಿಯುವುದಿಲ್ಲವಾದ್ದರಿಂದ ಇದುವರೆಗೆ ಒಂದು ಸಲವೂ ತಪ್ಪಿಲ್ಲ.

ಇಂಥವನ ಹೊಸ್ತಿಲನ್ನು ಇಪ್ಪತ್ತೆರಡು ವರ್ಷದಲ್ಲಿ ಫಾರಂ ಮೊಟ್ಟೆ ದಾಟಿರಲಿಲ್ಲ. ಇವತ್ತು ದಾಟಿತ್ತು. ತಂದದ್ದು ಹೆತ್ತ ಮಗಳೇ.

“ಸ್ಕೂಲ್ ಎಕ್ಸಿಬಿಷನ್‌ಗೆ ಅಪ್ಪಾ,” ಅಂದಳು ಮೀನಾ. “ನಂದು ಸೆಲ್ಲು. ಇಟ್ಟಿಗೆ ಇಟ್ಟಿಗೆ ಸೇರಿ ಮನೆ ಆದಂಗೆ ಸೆಲ್ಲು ಸೆಲ್ಲು ಸೇರಿ ನಾವು. ಗಿಡ, ಕೋಳಿ, ಮನುಷ್ಯ ಎಲ್ಲಾ ಅಂಗೇ. ಕಣ್ಣಿಗೆ ಕಾಣಾಕಿಲ್ಲ, ಮೈಕ್ರೋಸ್ಕೋಪ್ ಬೇಕು. ಆದ್ರೆ ಮೊಟ್ಟೆನಾಗೆ ಹಳದಿ ಐತಲ್ಲ, ಅದು ಒಂದೇ ಒಂದು ಸೆಲ್ಲು. ಬರೀ ಕಣ್ಣಿಗೆ ಕಾಣ್ತದೆ!”

“ಬಿಳೀದು?”

“ಅದು ಸೆಲ್ಲಲ್ಲ. ಒಳಗಿರೋದಕ್ಕೆ ಉಣ್ಣಾಕೆ ಸಾಪಾಡು, ಮಲಗಾಕೆ ಮೆತ್ತೆ. ಮೇಲಿನ ಓಡು ಬರೀ ಪ್ಯಾಕಿಂಗು.”

ಇಪ್ಪತ್ತೆರಡು ವರ್ಷದಿಂದ ತಾನು ಮಾರಿದ್ದರಲ್ಲಿ ಮುಕ್ಕಾಲು ಪಾಲು ಮೆತ್ತೆ ಮತ್ತು ಪ್ಯಾಕಿಂಗು ಎಂದು ತಿಳಿದು ಕುಪ್ಪಸ್ವಾಮಿ ತನ್ನ ಬುಟ್ಟಿಯ ಕಡೆ ಒಮ್ಮೆ ನೋಡಿಕೊಂಡ. ಮಾಲತಿಗೆ ನಗು ಬಂತು, ಸಾರಿನ ಕಡೆ ತಿರುಗಿಕೊಂಡಳು.

“ಸೆರಿ, ಸೆಲ್ಲೇ ಇರ್ಲಿ. ಅದಕ್ಕೆ ನಮ್ಮ ನಾಟಿಮೊಟ್ಟೆ ಇಡು. ಈ ಸುಣ್ಣದ ಉಂಡೆ ಯಾಕೆ?”

“ಬ್ಯಾಡಪ್ಪಾ. ಉಂಜ ಕೂಡಿದ ಕೋಳಿದು ಮೊಟ್ಟೆ ಇಡೋಕೆ ಮುಂಚೆನೇ ಒಳಗೆ ಸೆಲ್ಲು ಒಡೆದು ಸಾವಿರಾರು ಆಗಿರ್ತದೆ. ಫಾರಂನಾಗೆ ಉಂಜ ಇಲ್ಲ, ಅದಕ್ಕೇ ಇದು ಒಂದೇ ಸೆಲ್ಲು. ನಂಗೆ ಇದೇ ಬೇಕು. ಆಮೇಲೆ ಅಪ್ಪಾ...” ಮೀನಾ ತಡೆದಳು, “ಈ ಸಲ ನೀನು ಏನೂ ಮಾಡ್ಬ್ಯಾಡ. ಅಟ್ಟದಾಗೈತಲ್ಲ ಮೊಟ್ಟೆ ನೋಡೋ ಪೆಟ್ಟಿಗೆ, ಅದನ್ನ ಸ್ಕೂಲಿಗೆ ಒತ್ಕೊಂಡು ಬಾ, ಸಾಕು.”

ಇದಕ್ಕೆ ಒಂದು ಹಿನ್ನೆಲೆ ಉಂಟು. ಹೋದ ವರ್ಷ ಮೀನಾ ಮೆಟ್ಟೂರು ಅಣೆಕಟ್ಟೆಯ ಮಾದರಿ ಮಾಡಿದ್ದಳು. ಅದಕ್ಕೆ ಅಪ್ಪ ಸ್ವಂತ ಬುದ್ಧಿಯಿಂದ ನಿಜವಾದ ನೀರು, ನಿಜವಾದ ಬಾಗಿಲು ಇಟ್ಟುಕೊಟ್ಟಿದ್ದ. ಬಾಗಿಲು ತೆರೆಯಿತು, ಮುಚ್ಚಲಿಲ್ಲ. ಎರಡು ಬಿಂದಿಗೆ ನೀರು ಹೆಡ್‌ಮೇಡಂ ಅವರ ರೇಷ್ಮೆ ಸೀರೆಯ ಮೇಲೆ ಹರಿದು ಮೀನಾಳ ಸೇಲಂ ಕನಸು ಅಲ್ಲೇ ಮುಳುಗಿತ್ತು. ಪ್ರತಿವರ್ಷ ಒಬ್ಬರನ್ನು ಮಾತ್ರ ಸೇಲಂನ ಜಿಲ್ಲಾ ಪ್ರದರ್ಶನಕ್ಕೆ ಆರಿಸುತ್ತಾರೆ. ಹತ್ತನೇ ಕ್ಲಾಸಿನವರಿಗೆ ಪರೀಕ್ಷೆಯ ಗಲಾಟೆ, ಅವರು ಸೇರುವಂತಿಲ್ಲ. ಮೀನಾಳಿಗೆ ಇದೇ ಕೊನೆಯ ಅವಕಾಶ.

ಸಂಜೆ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಅಪ್ಪನ ಆ ಪೆಟ್ಟಿಗೆಯನ್ನು ಅವಳೇ ಇಳಿಸಿದಳು. ಮರದ ಪೆಟ್ಟಿಗೆ, ಒಳಗೊಂದು ಬಲ್ಬು, ಮೇಲೊಂದು ತೂತು. ತೂತಿನ ಮೇಲೆ ಬಿಳಿ ಮೊಟ್ಟೆ ಕೂರಿಸಿ ಸ್ವಿಚ್ ಹಾಕಿದಾಗ ಮೊಟ್ಟೆ ಲಾಂದ್ರದಂತೆ ಹೊಳೆಯಿತು, ಒಳಗೆ ಹಳದಿಯ ನೆರಳು ಮೆಲ್ಲಗೆ ತೇಲಿತು. ಚೆನ್ನಾಗಿತ್ತು ಎಂಬುದನ್ನು ಕುಪ್ಪಸ್ವಾಮಿಯೂ ಒಳಗೊಳಗೇ ಒಪ್ಪಿದ.

ಆದರೂ ಬೆಳಗ್ಗೆ ಎದ್ದಾಗ ಮನಸ್ಸು ಕೇಳಲಿಲ್ಲ. ಊರೆಲ್ಲ ಸ್ಕೂಲಿಗೆ ಬರುತ್ತದೆ. ನಾಟಿಮೊಟ್ಟೆ ಕುಪ್ಪಸ್ವಾಮಿಯ ಮಗಳು ಫಾರಂ ಮೊಟ್ಟೆಯ ಹಿಂದೆ ನಿಂತಿರುತ್ತಾಳೆ! ನಾಳೆ ಗಿರಾಕಿಗಳು ಏನಂದಾರು? “ಮನೆಗೆ ಅದು, ನಮಗೆ ಇದಾ” ಅನ್ನುವುದಿಲ್ಲವೆ? ಒಂದು ಸೆಲ್ಲೋ ಸಾವಿರ ಸೆಲ್ಲೋ, ಒಳಗೆ ಇಣುಕಿ ಎಣಿಸುವವರು ಯಾರು?

ಮೀನಾ ಸ್ನಾನಕ್ಕೆ ಹೋದಳು. ಮಾಲತಿ ನೀರಿಗೆ ಹೋದಳು. ಆದರೆ ಹಿಂದಿನ ದಿನವಷ್ಟೇ ಸಂತೆ ಮುಗಿದಿತ್ತು, ಮನೆಯಲ್ಲಿ ಒಂದೇ ಒಂದು ನಾಟಿಮೊಟ್ಟೆ ಇರಲಿಲ್ಲ. ಇದ್ದದ್ದು ಮನೆಯಲ್ಲೇ ಇರುವ ಅತ್ತೆ, ಮಾಲತಿಯ ತಾಯಿ ದೊಡ್ಡಮುನಿಯಮ್ಮನ ಬುಟ್ಟಿಯಲ್ಲಿ, ಕಾವಿಗೆ ಕೂತ ಕರಿಕೋಳಿಯ ಹೊಟ್ಟೆಯಡಿ. ಆ ಬುಟ್ಟಿಯನ್ನು ಮುಟ್ಟಲು ಆ ಮನೆಯಲ್ಲಿ ಬೆಕ್ಕಿಗೂ ಧೈರ್ಯವಿಲ್ಲ.

ಕುಪ್ಪಸ್ವಾಮಿ ಲೆಕ್ಕ ಹಾಕಿದ. ಮೂರು ದಿನದ ಕೆಳಗೆ ತಾನು ಮಾರಂಡಹಳ್ಳಿಯಲ್ಲಿದ್ದಾಗ ಮಾಲತಿ ಫೋನಿನಲ್ಲಿ ಹೇಳಿದ್ದಳು, “ಕರಿಕೋಳಿ ಕಾವಿಗೆ ಕೂತೈತೆ” ಎಂದು. ಅಂದರೆ ಮೊಟ್ಟೆಗೆ ಮೂರೇ ದಿನದ ಕಾವು. ಏನೂ ಆಗಿರುವುದಿಲ್ಲ, ಸಂಜೆ ತಂದು ಇಟ್ಟುಬಿಟ್ಟರಾಯಿತು. ಕೈ ಹಾಕಿದ. ಕರಿಕೋಳಿ ಎರಡು ಸಲ ಕುಕ್ಕಿತು, ಎರಡೂ ಸಲ ಒಂದೇ ಬೆರಳಿಗೆ. ಸಿಕ್ಕ ಮೊಟ್ಟೆಯನ್ನು ಟವೆಲ್ಲಿನಲ್ಲಿ ಸುತ್ತಿ, ಬಿಳಿ ಮೊಟ್ಟೆಯನ್ನು ರಾಗಿ ಮಡಕೆಯಲ್ಲಿ ಹೂತು, ಕೈ ತೊಳೆದುಕೊಂಡು ಬಂದು ಹಣೆಗೆ ವಿಭೂತಿ ಹಚ್ಚಿಕೊಂಡ.

ದಾರಿಯಲ್ಲಿ ಎದೆಗೆ ಕಟ್ಟಿಕೊಂಡ ಟವೆಲ್ಲಿನೊಳಗೆ ಏನೋ ಟಕ್ ಅಂದಂತಾಯಿತು. ಮೊಪೆಡ್ಡಿನ ಇಂಜಿನ್ ಸೌಂಡು ಅಂದುಕೊಂಡ.

ಸ್ಕೂಲಿನ ಹಾಲ್‌ನಲ್ಲಿ ಮೀನಾ ಟವೆಲ್ ಬಿಚ್ಚಿದವಳು ಹಾಗೇ ನಿಂತಳು.

“ಅಪ್ಪಾ, ಇದು ಬಿಳಿ ಇಲ್ವಲ್ಲ!”

“ಬಿಳಿ ಒಡೆದೋಯ್ತು ಕಣವ್ವಾ. ಇದು ಅದಕ್ಕಿಂತ ಫಸ್ಟ್ ಕ್ವಾಲಿಟಿ.”

ಮೀನಾ ಮೊಟ್ಟೆಯನ್ನು ತೂತಿನ ಮೇಲಿಟ್ಟು ಸ್ವಿಚ್ ಹಾಕಿದಳು. ಪೆಟ್ಟಿಗೆಯೊಳಗೆ ಬಲ್ಬು ಉರಿಯಿತು. ಮೊಟ್ಟೆ ಹೊಳೆಯಲಿಲ್ಲ. ಮೇಲ್ತುದಿಯಲ್ಲಿ ಬೆರಳಗಲ ಬಿಟ್ಟರೆ ಮಿಕ್ಕದ್ದೆಲ್ಲ ಕಪ್ಪು.

ಬೆಳಕಿಗೆ ಮೊಟ್ಟೆ ಕಪ್ಪಾಗಿ ಕಂಡರೆ ಅದಕ್ಕೆ ಎರಡೇ ಅರ್ಥ ಎಂದು ಕುಪ್ಪಸ್ವಾಮಿಯ ಕಸುಬಿನಲ್ಲಿ ಎಳೆ ಹುಡುಗರಿಗೂ ಗೊತ್ತು. ಒಂದೋ ಪೂರ್ತಿ ಕೊಳೆತಿದೆ, ಇಲ್ಲವೋ ಪೂರ್ತಿ ಬಲಿತಿದೆ.

“ಬಲ್ಬು ವೀಕು,” ಅಂದ.

ಅಷ್ಟರಲ್ಲಿ ಫೋನು. ಮಾಲತಿ. ಹಿಂದೆ ಏನೋ ದಡಬಡ ಸದ್ದು.

“ಏನಂದ್ರೆ, ಮನೆ ಕಡೆ ಬರ್ಬ್ಯಾಡಿ! ಆವು ಬಂದೈತೆ!”

“ಆವಾ? ಎಲ್ಲಿ?”

“ಗೊತ್ತಿಲ್ಲ. ಅಮ್ಮ ಬುಟ್ಟಿ ನೋಡಿದ್ರೆ ಅನ್ನೊಂದರಾಗೆ ಒಂದು ಮೊಟ್ಟೆ ಇಲ್ಲ. ಓಡಿನ ಚೂರೂ ಇಲ್ಲ. ಚೂರಿಲ್ದೆ ನುಂಗೋದು ಆವು ಒಂದೇ. ಪಕ್ಕದ್ಮನೆ ಗಿರಿ ಕೋಲು ತಕ್ಕೊಂಡು ಬಂದವ್ನೆ. ಸೌದೆ ಎಲ್ಲಾ ಈಚೆ ಆಕಿದ್ರು. ಈಗ ಮಾಡಿನ ಹೆಂಚು ಇಳಿಸ್ತಾ ಅವ್ರೆ.”

“ಹೆಂಚು ಯಾಕೆ ಇಳಿಸ್ತಾರೆ! ಒಂದು ಮೊಟ್ಟೆಗೆ! ಮೂರು ದಿನದ ಮೊಟ್ಟೆಗೆ!”

“ಯಾವ ಮೂರು ದಿನ? ಕೆಂಪುಕೋಳಿ ಅದಿನೆಂಟು ದಿನ ಕೂತಿತ್ತು. ಮೈಯಾಗಿನ ಏನು-ಚಿಕ್ಕಾಡು ಕಡಿತ ತಾಳ್ದೆ ಎದ್ದೋಯ್ತು. ಅದಕ್ಕೇ ಅದರ ಮೊಟ್ಟೆನೆಲ್ಲಾ ಅಮ್ಮ ಕರಿಕೋಳಿ ಕೆಳಗೆ ಆಕಿದ್ರು. ಇವತ್ತು ಮರಿ ಆಗೋ ದಿನ! ಇಲ್ಲಿ ಆಗ್ಲೇ ನಾಕು ಈಚೆ ಬಂದವೆ...”

ಹದಿನೆಂಟಕ್ಕೆ ಮೂರು ಕೂಡಿಸಿದರೆ ಇಪ್ಪತ್ತೊಂದು. ಕುಪ್ಪಸ್ವಾಮಿ ಎರಡು ಸಲ ಕೂಡಿಸಿದ. ಎರಡು ಸಲವೂ ಅಷ್ಟೇ ಬಂತು. ನಿಜ ಹೇಳಿದರೆ ಮನೆಯ ಹೆಂಚು ಉಳಿಯುತ್ತದೆ, ಮಾನ ಹೋಗುತ್ತದೆ. ಹೆಂಚು ಮತ್ತೆ ಹಾಕಿಸಬಹುದು ಎಂದು ಯೋಚಿಸುತ್ತಿರುವಾಗಲೇ ಪೆಟ್ಟಿಗೆಯ ಮೇಲಿಂದ ಸದ್ದು ಬಂತು. ಟಕ್.

ಪರೀಕ್ಷಕರಾಗಿ ಮೆಟ್ಟೂರಿನಿಂದ ಬಂದಿದ್ದ ಪ್ರಭಾಕರ್ ಸಾರ್ ಆಗ ಸರಿಯಾಗಿ ಮೀನಾಳ ಮೇಜಿನ ಮುಂದೆ ನಿಂತಿದ್ದರು. ತೆಳ್ಳನೆ ಮನುಷ್ಯ, ಕನ್ನಡಕ, ಮುಖದಲ್ಲಿ ನಗುವಿಗೆ ಜಾಗವಿಲ್ಲ. ತಮಿಳಿನಲ್ಲೇ ಕೇಳಿದರು.

“ಎನ್ನಮ್ಮಾ ಇದು?”

ಮೀನಾ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಜೀವಿಗಳ ಮೂಲ ಸೆಲ್ಲು, ಅದಕ್ಕೊಂದು ತೆಳು ಪೊರೆ, ಒಳಗೆ ಅಪ್ಪಣೆ ಕೊಡುವ ನಡುಭಾಗ. “ಸಾರ್, ಈ ಮೊಟ್ಟೆಯೊಳಗೆ ಇರುವುದು ಒಂದೇ ಒಂದು ಸೆಲ್ಲು.”

“ಚೀಂ,” ಅಂದಿತು ಮೊಟ್ಟೆ.

ಪ್ರಭಾಕರ್ ಸಾರ್ ತಮ್ಮ ಫೋನು ತೆಗೆದು ನೋಡಿದರು. ಅದಲ್ಲ. ಬಗ್ಗಿ ಮೊಟ್ಟೆಯನ್ನು ನೋಡಿದರು. ದಪ್ಪ ತುದಿಯ ಹತ್ತಿರ ಓಡು ನಕ್ಷತ್ರದಂತೆ ಬಿರಿದಿತ್ತು. ಬಿರುಕಿನಲ್ಲಿ ಸಾಸಿವೆಯಷ್ಟು ಕೊಕ್ಕು.

“ಎಷ್ಟು ಸೆಲ್ಲು ಅಂದೆ?”

ಮೀನಾ ಅಪ್ಪನ ಕಡೆ ನೋಡಿದಳು. ಅಪ್ಪ ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಹುಡುಗಿಯ ಕಣ್ಣು ತುಂಬಿತು. ಹಿಂದಿನ ಮೇಜುಗಳಿಂದ ಮಕ್ಕಳು ತಮ್ಮ ತಮ್ಮ ಜ್ವಾಲಾಮುಖಿ, ಗಾಳಿಯಂತ್ರ ಎಲ್ಲ ಬಿಟ್ಟು ಓಡಿಬಂದರು. ಮತ್ತೆ ಫೋನು.

“ಏನಂದ್ರೆ,” ಈ ಸಲ ಮಾಲತಿಯ ದನಿ ತಣ್ಣಗಿತ್ತು. “ಆವು ಸಿಗಲಿಲ್ಲ. ರಾಗಿ ಮಡಕೆ ಬಗ್ಗಿಸಿದ್ರೆ ಒಂದು ಬಿಳಿ ಮೊಟ್ಟೆ ಸಿಕ್ತು. ಆವು ಮೊಟ್ಟೆ ಬದಲಾಯಿಸ್ಕೊಂಡು ಓಯ್ತದಾ?”

ಕುಪ್ಪಸ್ವಾಮಿ ಫೋನು ಆರಿಸಿದ. ಮಗಳ ಮುಖ ನೋಡಿದ. ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ಒಮ್ಮೆಯೂ ಬಾಯಿಗೆ ಬಾರದ ಮಾತು ಆಗ ಬಂತು.

“ತಪ್ಪು ನಂದು ಸಾರ್. ಮಗು ಸರಿಯಾದ ಮೊಟ್ಟೆನೇ ತಂದಿತ್ತು. ನಾನು ಬದಲಾಯಿಸ್ದೆ.”

ಪ್ರಭಾಕರ್ ಸಾರ್ ಕನ್ನಡಕ ಸರಿಮಾಡಿಕೊಂಡರು. “ನಿಮಗೆ ಏನು ಕೆಲಸ?”

“ಮೊಟ್ಟೆ ವ್ಯಾಪಾರ ಸಾರ್.”

“ಎಷ್ಟು ವರ್ಷದಿಂದ?”

“ಹೊಸದು ಸಾರ್,” ಅಂದ ಕುಪ್ಪಸ್ವಾಮಿ.

ಅಷ್ಟರಲ್ಲಿ ಮೀನಾ ಕಣ್ಣೊರೆಸಿಕೊಂಡು ಸೀಮೆಸುಣ್ಣ ಎತ್ತಿಕೊಂಡಿದ್ದಳು. ಹಲಗೆಯ ಮೇಲೆ ಒಂದು ಚುಕ್ಕಿ ಇಟ್ಟಳು. ಅದರ ಕೆಳಗೆ ಎರಡು, ನಾಲ್ಕು, ಎಂಟು.

“ಸಾರ್, ನಾನು ಹೇಳೋಕೆ ಬಂದದ್ದು ಒಂದು ಸೆಲ್ಲಿನ ಕತೆ. ಅಪ್ಪ ತಂದಿದ್ದು ಅದರ ಮುಂದಿನ ಭಾಗ. ಇದೂ ಒಂದು ಸೆಲ್ಲಿಂದಲೇ ಶುರುವಾಗಿದ್ದು. ಒಂದು ಒಡೆದು ಎರಡಾಯ್ತು, ಎರಡು ನಾಲ್ಕಾಯ್ತು. ಸಾವಿರಾರು ಆದಮೇಲೆ ಕೆಲಸ ಹಂಚಿಕೊಂಡವು. ಕೆಲವು ಕಣ್ಣಾದವು, ಕೆಲವು ರಕ್ತ ಆದವು, ಕೆಲವು ಕೊಕ್ಕಾದವು. ಕೊಕ್ಕಿನ ಕೆಲಸ ಈಗ ನೀವೇ ನೋಡ್ತಾ ಇದ್ದೀರಿ.”

ಮುಖದಲ್ಲಿ ಜಾಗವಿಲ್ಲದಿದ್ದರೂ ನಗು ಹೇಗೋ ನುಸುಳಿತು. ಪ್ರಭಾಕರ್ ಸಾರ್ ಊಟಕ್ಕೂ ಎದ್ದು ಹೋಗಲಿಲ್ಲ. ಕುರ್ಚಿ ತರಿಸಿಕೊಂಡು ಅಲ್ಲೇ ಕೂತರು. ಮೊಟ್ಟೆ ವಿಷಯದಲ್ಲಿ ಕುಪ್ಪಸ್ವಾಮಿಗೆ ಬುದ್ಧಿ ಹೇಳುವವನು ಸೇಲಂ ಜಿಲ್ಲೆಯಲ್ಲಿ ಮಧ್ಯಾಹ್ನ ಮೂರೂಕಾಲಿಗೆ ಹುಟ್ಟಿದ. ಒದ್ದೆ ಮೈ, ಸೊಟ್ಟ ಕಾಲು, ದೊಡ್ಡ ಬಾಯಿ.

ಸೇಲಂಗೆ ಮೀನಾಳ ಹೆಸರನ್ನೇ ಬರೆದರು. ಅರ್ಜಿಯಲ್ಲಿ ‘ಸಹಾಯ ಮಾಡಿದವರು’ ಎಂದು ಒಂದು ಗೆರೆ ಇತ್ತು. ಕುಪ್ಪಸ್ವಾಮಿ ಗಂಟಲು ಸರಿಮಾಡಿಕೊಂಡ. ಮೀನಾ ಅವನನ್ನು ಒಮ್ಮೆ ನೋಡಿ ಬರೆದಳು: ಕೆಂಪುಕೋಳಿ ಹದಿನೆಂಟು ದಿನ, ಕರಿಕೋಳಿ ಮೂರು ದಿನ.

ಮನೆಗೆ ಬಂದಾಗ ಮಾಡಿನ ಹೆಂಚು ಅಂಗಳದಲ್ಲಿತ್ತು, ಸೌದೆ ಬೀದಿಯಲ್ಲಿತ್ತು, ಅರ್ಧ ಊರು ಜಗಲಿಯಲ್ಲಿತ್ತು. ದೊಡ್ಡಮುನಿಯಮ್ಮ ಮರಿಯನ್ನು ಟವೆಲ್ಲಿನಿಂದ ಬಿಡಿಸಿಕೊಂಡು ಕರಿಕೋಳಿಯ ರೆಕ್ಕೆಯಡಿ ತಳ್ಳಿದಳು. ಹನ್ನೊಂದು ಸರಿಹೋಯಿತು. ಆಮೇಲೆ ಅಳಿಯನನ್ನು ಕಾಲಿನಿಂದ ತಲೆವರೆಗೆ ನೋಡಿ ಹೊರಗೆ ಕೂಗಿ ಹೇಳಿದಳು, “ಲೇ ಗಿರಿ, ಕೋಲು ಕೆಳಗಿಡ್ಲಾ. ಆವು ಸಿಕ್ತು. ನಮ್ಮ ಅಳಿಯಂದಿರೇ!”

ಸಂಜೆ ಊಟಕ್ಕೆ ಕೂತರೆ ತಟ್ಟೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಬೇಯಿಸಿದ ಒಂದು ಮೊಟ್ಟೆ. ಬಿಳೀದು.

ಕುಪ್ಪಸ್ವಾಮಿ ಅದನ್ನು ಅಂಗೈಯಲ್ಲಿಟ್ಟು ತೂಗಿದ. ಕೈ ಏನೂ ಹೇಳಲಿಲ್ಲ. ಬಲ್ಬಿನ ಕಡೆ ಹಿಡಿದು ನೋಡಿದ. ಬೆಂದ ಮೊಟ್ಟೆ, ಏನು ಕಂಡೀತು? ಕಿವಿಯ ಹತ್ತಿರ ತಂದು ಒಂದು ಕ್ಷಣ ಆಲಿಸಿದ.

ಮಾಲತಿ ಸಾರು ಬಡಿಸುತ್ತ ಅಂದಳು, “ಭಯ ಬೀಳ್ಬ್ಯಾಡಿ, ತಿನ್ನಿ. ಒಂದೇ ಸೆಲ್ಲು. ಎಣಿಸೋಕೆ ನಿಮಗೂ ಆಯ್ತದೆ.”