ಕಾಕಾ ಹದ ಮಾಡಿದ ಪಿಚ್ಚು

ನಮ್ಮ ಕಾಕಾನನ್ನು ಮನೆಗೆ ಕರೆದು ನೋಡಿ. ಅವನು ಮೊದಲು ನೋಡುವುದು ನಿಮ್ಮ ಮುಖವನ್ನಲ್ಲ, ನಿಮ್ಮ ನೆಲವನ್ನು! ಪುಣೆಯ ಗಾಲ್ಫ್ ಮೈದಾನದಲ್ಲಿ ದೊಡ್ಡ ಪಂದ್ಯಗಳಿಗೆ ಹುಲ್ಲು ಸವರಿ, ಚೆಂಡು ಬೀಳುವ ಕುಳಿ ಕೊರೆದು, ನಿವೃತ್ತನಾಗಿ ಗೊಳಸಂಗಿಗೆ ಮರಳಿದವನು. ಕುಳಿ ಎಲ್ಲಿ ಕೊರೆಯಬೇಕೆಂಬುದಕ್ಕೆ ಅವನದು ಒಂದೇ ಶಾಸ್ತ್ರ: "ಆಟ ಕಠಿಣ ಇರ್ಲಿ, ನೆಲ ಮೋಸ ಮಾಡಬಾರ್ದು."

ನನಗೆ ಕನ್ಯಾ ನೋಡಲು ತಾಳಿಕೋಟೆಗೆ ಹೋದಾಗ, ಹುಡುಗಿ ಅವಲಕ್ಕಿ ತರುವಷ್ಟರಲ್ಲಿ ಕಾಕಾ ಪಡಸಾಲೆಯಲ್ಲಿ ಬೋರಲು ಮಲಗಿ ನಿಂಬೆಹಣ್ಣು ಉರುಳಿಸುತ್ತಿದ್ದ. "ನಿಮ್ಮ ನೆಲ ಬಚ್ಚಲ ಕಡೆ ಇಳದೈತ್ರಿ," ಎಂದ ಹುಡುಗಿಯ ತಂದೆಗೆ. ಹುಡುಗಿ ಕಿಸಕ್ಕನೆ ನಕ್ಕಳು. ಸಂಬಂಧ ಕೂಡಿತು. ಇಳಿಜಾರಿಗೂ ಒಂದು ಉಪಯೋಗವಿದೆ!

ಇಂಥವನಿಗೆ ಮುದ್ದೇಬಿಹಾಳದ ಕ್ರಿಕೆಟ್ ಪಂದ್ಯಾವಳಿಯ ಪಿಚ್ಚು ಒಪ್ಪಿಸಿದರೆ? ಉದ್ಘಾಟನೆಗೆ ಬಂದ ಮುಖ್ಯ ಅತಿಥಿಯನ್ನೇ ಗೆರೆಯಾಚೆ ತಡೆದ. "ಸಾಹೇಬ್ರ, ಬೂಟು ಬಿಟ್ಟು ಬರ್ರಿ. ಇಲ್ಲಾಂದ್ರ ಅಲ್ಲೇ ನಿಂತು ಭಾಷಣ ಮಾಡ್ರಿ." ಸಾಹೇಬರು ಅಲ್ಲೇ ನಿಂತರು. ಕಾಲುಚೀಲ ಹರಿದಿತ್ತಂತೆ, ಪಾಪ!

ಫೈನಲ್ಲಿಗೆ ಬಂದದ್ದು ಸಿಂದಗಿ ತಂಡ ಮತ್ತು ನಮ್ಮ ತಂಡ. ನಮ್ಮ ನಾಯಕ ಕಾಕಾನ ಮಗನೇ, ಸ್ಪಿನ್ ಹಾಕುವವನು.

"ಅಪ್ಪಾ, ಆ ತುದಿಗೆ ನೀರು ಬಿಡಬ್ಯಾಡ. ಒಣಗಿದ್ರ ಚೆಂಡು ಚಲೋ ತಿರಗತೈತಿ."

"ಚೆಂಡು ನಿಂದು, ಬ್ಯಾಟು ಅವರದು, ನೆಲ ಇಬ್ಬರದೂ," ಎಂದು ಕಾಕಾ ಎರಡೂ ತುದಿಗೆ ನೀರುಣಿಸಿದ.

ಫೈನಲ್ ದಿನ ಬೆಳಿಗ್ಗೆ ನೋಡಿದರೆ, ಅದೇ ತುದಿಯನ್ನು ನಮ್ಮ ಅಭಿಮಾನಿಗಳ್ಯಾರೋ ಮೊಳೆಬೂಟಿನಿಂದ ಕೆದರಿಬಿಟ್ಟಿದ್ದಾರೆ! ಸಂಘಟಕರು, "ಹೊತ್ತಾಗೈತಿ, ಹಂಗ ಆಡಸೂಣು," ಎಂದರು. ಕಾಕಾ ಪಿಚ್ಚಿಗೆ ಅಡ್ಡಲಾಗಿ ಮಲಗಿಯೇಬಿಟ್ಟ. "ಮೊದಲು ನನ್ನ ಮ್ಯಾಲ ರೋಲರ್ ಹಾಯಿಸ್ರಿ!"

ಯಾರು ಹಾಯಿಸುತ್ತಾರೆ? ಕೊನೆಗೆ ಸಿಂದಗಿಯವರೇ ಬಕೆಟ್ಟಿನಲ್ಲಿ ನೀರು ತಂದರು. ಕಾಕಾ ಮೊಣಕಾಲೂರಿ, ಕರಿಮಣ್ಣು ಕಲಸಿ ಗೀರುಗಳನ್ನು ತುಂಬಿ, ರೋಲರ್ ಎಳೆದು, ಬಿಸಿಲಿಗೆ ಒಣಗಲು ಬಿಟ್ಟ. ಆಮೇಲೆಯೇ ಟಾಸು.

ಮಗ ಸಿಂದಗಿಯ ನಾಯಕನನ್ನು ಬೌಲ್ಡ್ ಮಾಡಿದ. ಆದರೂ ನಾವು ಸೋತೆವು. ಮಗ ಅಪ್ಪನೊಂದಿಗೆ ಮಾತು ಬಿಟ್ಟ.

ಮರುದಿನ ಕಾಕಾ ಪಿಚ್ಚಿನ ತಗ್ಗುಗಳನ್ನೆಲ್ಲ ಮುಚ್ಚುತ್ತಿದ್ದ. ಮಣ್ಣಿನ ಬುಟ್ಟಿ ಹಿಡಿದು ನಾನು ಜೊತೆಗಿದ್ದೆ. ಒಂದು ಸಣ್ಣ ತಗ್ಗನ್ನು ಮಾತ್ರ ಅವನು ದಾಟಿಹೋದ.

"ಕಾಕಾ, ಇದೊಂದು ಉಳೀತು."

"ಇರ್ಲಿ ಬಿಡೋ. ಅವರ ನಾಯಕನ್ನ ಕೆಡವಿದ ಚೆಂಡು ಬಿದ್ದದ್ದು ಇಲ್ಲೇ. ನನ್ನ ಮಗ ಹಾಕಿದ್ದು," ಎಂದು ಆ ತಗ್ಗಿನ ಅಂಚನ್ನು ಬೆರಳಿನಿಂದ ಸವರಿದ.

ತಾಯಿ ಕಳಿಸಿದ ಬುತ್ತಿ ಹಿಡಿದು ಮಗ ನಮ್ಮ ಹಿಂದೆಯೇ ಬಂದು ನಿಂತಿದ್ದ. ಬುತ್ತಿ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಅಪ್ಪನ ಪಕ್ಕ ಬಂದು ರೋಲರಿನ ಹಿಡಿಕೆಗೆ ಕೈ ಹಚ್ಚಿದ.