ಕೇಬಲ್ಲಿಗೊಂದು ಕಾವಲು ಗೂಟ

ನಮ್ಮೂರಿನ ಇಂಟರ್ನೆಟ್ಟನ್ನು ಕಾಪಾಡುವ ಹೊಣೆಯನ್ನು ನಾನು ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ಮನುಷ್ಯನಿಗೆ ಕಾಯಲು ಏನಾದರೊಂದು ಬೇಕಲ್ಲ!

ಅಲ್ಲಿಯವರೆಗೆ ಇಂಟರ್ನೆಟ್ಟು ಆಕಾಶದಿಂದ ಬರುತ್ತದೆಂದೇ ನಾನು ನಂಬಿದ್ದೆ. ಅದು ಕಕ್ಕಬೆ ಪೇಟೆಯಿಂದ ನೆಲದೊಳಗೆ ಹರಿದು, ನಮ್ಮ ಗೇಟಿನ ಪಕ್ಕದಲ್ಲೇ ಹಾದು ಊರಿಗೆ ಹೋಗುತ್ತದೆಂದು ತಿಳಿಸಿದವನು ಕೇಬಲ್ ಕೆಲಸದ ಶಾಜಿ. ಬೆರಳು ದಪ್ಪದ ಕಪ್ಪು ಕೇಬಲ್. ಅದರೊಳಗೆ ಕೂದಲಿನಂಥ ಗಾಜಿನ ಎಳೆಗಳು.

"ಇದು ತುಂಡಾದರೆ?" ಎಂದು ಕೇಳಿದೆ.

"ಇಡೀ ಊರಿಗೆ ಇದೊಂದೇ ದಾರಿ ಮಾಷೇ. ಎರಡನೇದು ಇಲ್ಲ" ಎಂದು ಹೇಳಿ ಬೈಕು ಹತ್ತಿ ಹೋಗಿಯೇಬಿಟ್ಟ. ಅವನು ಹೋದ, ನನ್ನ ನೆಮ್ಮದಿಯೂ ಹೋಯಿತು.

ಪಂಚಾಯಿತಿ ಆಫೀಸು, ನ್ಯಾಯಬೆಲೆ ಅಂಗಡಿ, ಮೂರು ಹೋಂಸ್ಟೇ, ನನ್ನ ಹೆಂಡತಿ ಸುಮಿತ್ರಳ ಧಾರಾವಾಹಿ, ಎಲ್ಲವೂ ಒಂದು ಕೂದಲೆಳೆಯಲ್ಲಿ! ಟವರ್ ನಂಬೋಣವೆಂದರೆ ನಮ್ಮ ಊರು ಗುಂಡಿಯಲ್ಲಿದೆ. ಮೊಬೈಲಿಗೆ ಸಿಗ್ನಲ್ ಬೇಕಾದರೆ ಬೆಟ್ಟದ ತಿರುವಿಗೆ ಹೋಗಬೇಕು. ಮನೆಯಿಂದ ಫೋನ್ ಮಾಡುವುದೂ ಅದೇ ಕೇಬಲಿನ ದಯೆಯಿಂದ.

ಸಾಲದ್ದಕ್ಕೆ ನೆರೆಮನೆಯ ಬೋಪಯ್ಯನವರ ಮಗಳು ದೇಚು ಬಂದಳು. ಒಂದನೇ ತರಗತಿಯಿಂದ ನನ್ನ ಕೈಯಲ್ಲೇ ಕಲಿತ ಹುಡುಗಿ. ಜೇನುಹುಳುಗಳ ಮೇಲೆ ಸಂಶೋಧನೆ ಮಾಡುವ ಸೀಟಿಗೆ ಎರಡು ವರ್ಷದಿಂದ ಪ್ರಯತ್ನಿಸುತ್ತಿದ್ದಳು.

"ಸರ್, ಗುರುವಾರ ಹನ್ನೊಂದು ಗಂಟೆಗೆ ಆನ್‌ಲೈನ್ ಇಂಟರ್‌ವ್ಯೂ ಉಂಟು. ಈ ಸಲ ಆಗದಿದ್ರೆ ವಯಸ್ಸು ಮೀರ್ತದೆ, ಮತ್ತೆ ಅರ್ಜಿ ಹಾಕ್ಲಿಕ್ಕಿಲ್ಲ. ನೆಟ್ ಇರ್ತದಲ್ಲ?"

"ನಾನಿದ್ದೇನೆ" ಎಂದೆ. ಈಗ ನೆನೆಸಿಕೊಂಡರೆ ಮೈ ನಡುಗುತ್ತದೆ.

ಅಂದಿನಿಂದ ಗಸ್ತು ಶುರುವಾಯಿತು. ಕೊಡೆ ಹಿಡಿದು ದಿನಕ್ಕೆ ನಾಲ್ಕು ಸಲ ಕೇಬಲಿನ ಉದ್ದಕ್ಕೂ ನಡೆದೆ. ಕಾಡುಹಂದಿ ನೆಲ ಉತ್ತ ಜಾಗ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಸೋಮವಾರ ಒಂದು ಜೆಸಿಬಿ ಬಂತು. ಕೈ ಅಡ್ಡ ಹಿಡಿದು ರಸ್ತೆ ಮಧ್ಯೆ ನಿಂತೆ.

"ಒಂದು ಹಿಡಿ ಮಣ್ಣು ಮುಟ್ಟುವ ಹಾಗಿಲ್ಲ!"

"ಮಣ್ಣು ಯಾರಿಗೆ ಬೇಕು ಸ್ವಾಮಿ? ಟೀ ಕುಡಿಯೋಕೆ ಹೊರಟಿದ್ದೀನಿ, ದಾರಿ ಬಿಡಿ" ಎಂದ ಡ್ರೈವರ್.

ಬುಧವಾರ ಇನ್ನೊಂದು ಸಿಡಿಲು ಬಡಿಯಿತು. ನೀರಿನ ಪೈಪು ಹಾಕುವವರು ಗುರುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ರಸ್ತೆ ಅಗೆಯುತ್ತಾರಂತೆ! ಅದೂ ಗುರುವಾರವೇ! ನಾನು ಒಂದು ಹಲಗೆ ತೆಗೆದುಕೊಂಡು ದಪ್ಪ ಕೆಂಪಕ್ಷರದಲ್ಲಿ ಬರೆದೆ: "ಇಲ್ಲಿ ಕೇಬಲ್ ಇದೆ. ಯಾರೂ ಅಗೆಯಬಾರದು."

ಗುರುವಾರ ಎಂಟೂವರೆಗೆ ಹಲಗೆಯನ್ನೂ ಒಂದು ಒಣಗೂಟವನ್ನೂ ಹೊತ್ತು ಗೇಟಿನ ಹತ್ತಿರ ಹೋದೆ. ಅರ್ಧ ಅಡಿ ಆಳಕ್ಕೆ ಹೂತರೆ ಸಾಕಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಸುಮಿತ್ರ ಜಗಲಿಯಿಂದ ಕೂಗಿದಳು.

"ರೀ, ಒಣಗೂಟ ಯಾಕ್ರೀ ನೆಡ್ತೀರಾ? ಹೆಂಗೂ ಮಳೆ ಹಿಡಿಯೋ ಕಾಲ. ಹಾಲವಾಣದ ಗೂಟ ನೆಡಿ, ಚಿಗುರುತ್ತೆ. ಒಂದು ಮೆಣಸಿನ ಬಳ್ಳಿನಾದ್ರೂ ಹಬ್ಬಿಸಬೋದು."

ಕೊಡಗಿನಲ್ಲಿ ಇಷ್ಟು ವರ್ಷ ಬಾಳಿದವನಿಗೆ ಈ ಮಾತನ್ನು ತಳ್ಳಿಹಾಕಲು ಸಾಧ್ಯವೇ? ಇಲ್ಲಿ ನಿಂತ ಕಂಬ ಕಂಡರೆ ಸಾಕು, ಇದಕ್ಕೊಂದು ಮೆಣಸು ಬಳ್ಳಿ ಬಿಡಬಹುದಲ್ಲ ಎಂದು ಕೈ ತುರಿಸುತ್ತದೆ. ಹಾಲವಾಣದ ಹಸಿಗೂಟ ಕಡಿದು ತಂದೆ. ಬಳ್ಳಿಯ ಭಾರ ಹೊರುವ ಗೂಟಕ್ಕೆ ಒಂದೂವರೆ ಅಡಿ ಗುಂಡಿಯಾದರೂ ಬೇಕು. ಒಳಗಿನಿಂದ ಹಾರೆ ತಂದೆ.

ಎಲ್ಲಿ ನೆಡುವುದು? ಕೇಬಲ್ ಎಲ್ಲಿದೆಯೋ ಅಲ್ಲೇ ತಾನೆ! ಶಾಜಿ ತೋರಿಸಿದ್ದ ಜಾಗವನ್ನು ಟೇಪು ಹಿಡಿದು ಮೂರು ಸಲ ಅಳೆದು, ಕರಾರುವಾಕ್ಕಾಗಿ ಅದರ ನೆತ್ತಿಯ ಮೇಲೇ ಗುರುತು ಹಾಕಿದೆ. ಲೆಕ್ಕದಲ್ಲಿ ನಾನು ಯಾವತ್ತೂ ತಪ್ಪಿದವನಲ್ಲ.

ಒಂದಡಿ ಇಳಿದಾಗ ಹಾರೆಗೆ ಏನೋ ಬೇರು ಸಿಕ್ಕಿತು. ಹಠಮಾರಿ ಬೇರು. ಮೂರು ಏಟು ಹಾಕಿದೆ, ನಾಲ್ಕನೆಯದಕ್ಕೆ ಕಚಕ್ಕೆಂದು ತುಂಡಾಯಿತು. ಅದೇ ಹೊತ್ತಿಗೆ ಒಳಗಿನಿಂದ ಸುಮಿತ್ರಳ ಕೂಗು.

"ರೀ, ನೆಟ್ ಹೋಯ್ತು!"

"ನೋಡಿದೆಯಾ! ಆ ಪೈಪಿನವರು ಅಗೆದೇಬಿಟ್ಟರು!" ಎಂದು ಹಾರೆ ಹಿಡಿದೇ ರಸ್ತೆಗೆ ಓಡಿದೆ. ಪೈಪಿನವರು ರಸ್ತೆಯ ತುದಿಯ ಅಂಗಡಿಯೆದುರು ಇಡ್ಲಿ ತಿನ್ನುತ್ತಿದ್ದರು. ಜವಾಬ್ದಾರಿ ಇಲ್ಲದವರು, ಹೆಣ್ಣುಮಗಳ ಭವಿಷ್ಯ ಹಾಳು ಮಾಡಿದವರು ಎಂದು ಉಸಿರುಗಟ್ಟುವವರೆಗೆ ಬೈದೆ. ಮೇಸ್ತ್ರಿ ಕೈಯಲ್ಲಿದ್ದ ಇಡ್ಲಿಯನ್ನು ಕೆಳಗಿಟ್ಟ.

"ಮೇಷ್ಟ್ರೇ, ನಾವಿನ್ನೂ ಗಾಡಿಯಿಂದ ಗುದ್ದಲಿನೇ ಇಳಿಸಿಲ್ಲ. ಊರಲ್ಲಿ ಹಾರೆ ಇರೋದು ನಿಮ್ಮ ಕೈಲಿ ಮಾತ್ರ."

ಎಲ್ಲರೂ ಹಾರೆಯನ್ನು ನೋಡಿದರು. ನಾನೂ ನೋಡಿದೆ. ತಿರುಗಿ ಗೇಟಿನ ಕಡೆ ಓಡಿದೆ.

ಗುಂಡಿಯೊಳಗಿನ ಬೇರು ಕಪ್ಪಗಿತ್ತು, ಬೆರಳು ದಪ್ಪವಿತ್ತು. ತುದಿಯಲ್ಲಿ ನೀಲಿ, ಕಿತ್ತಳೆ, ಹಸಿರು ಎಳೆಗಳು ಇಣುಕುತ್ತಿದ್ದವು. ಹಿಂದೆಯೇ ಬಂದ ಪೈಪಿನವರು ಗುಂಡಿಯ ಪಕ್ಕ ಒರಗಿಸಿದ್ದ ನನ್ನ ಬೋರ್ಡನ್ನು ಗಟ್ಟಿಯಾಗಿ ಓದಿದರು. ಒಬ್ಬನಂತೂ ಎರಡು ಸಲ ಓದಿದ!

ಕರೆಂಟಿನ ವಯರ್ ಜೋಡಿಸಿ ನನಗೆ ಅಭ್ಯಾಸವಿದೆ. ನೀಲಿಗೆ ನೀಲಿ, ಹಸಿರಿಗೆ ಹಸಿರು ಹೊಸೆಯಲು ಹೋದೆ. ಹೊಸೆದಷ್ಟೂ ಪಟಪಟ ಮುರಿದವು. ಕೊನೆಗೆ ಎಲ್ಲವನ್ನೂ ಒಟ್ಟು ಸೇರಿಸಿ ಇನ್ಸುಲೇಷನ್ ಟೇಪು ಸುತ್ತಿದೆ. "ಬಂತಾ?" ಎಂದು ಕೂಗಿದೆ. "ಎಲ್ಲಿಂದ ಬರುತ್ರೀ!" ಎಂದಳು ಸುಮಿತ್ರ. ಶಾಜಿಗೆ ಫೋನ್ ಮಾಡೋಣವೆಂದರೆ ಫೋನಿಗೂ ನೆಟ್ ಬೇಕು. ನೆಟ್ ಹೋಯಿತೆಂದು ತಿಳಿಸಲು ನೆಟ್ ಇರಲಿಲ್ಲ!

ಗಂಟೆ ಹತ್ತು. ಬೋಪಯ್ಯನವರ ಮನೆಗೆ ಹೋದೆ. ದೇಚು ಇಸ್ತ್ರಿ ಮಾಡಿದ ಸೀರೆಯುಟ್ಟು ಮೇಜಿನ ಮುಂದೆ ಕೂತಿದ್ದಳು. ರೌಟರನ್ನು ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡುತ್ತಿದ್ದಳು. 

"ಎಂತ ಮೇಷ್ಟ್ರೇ, ಯಾರೋ ಕೇಬಲ್ ಕಡ್ದಿದ್ದಾರೆ ಕಾಣ್ತದೆ!" ಬೋಪಯ್ಯನವರ ಮೀಸೆ ಅದುರುತ್ತಿತ್ತು. "ಯಾರವ? ಹೆಸರು ಹೇಳಿ. ಮತ್ತೆ ನಾನುಂಟು, ಅವನುಂಟು!"

ಸುಳ್ಳು ಹೇಳಬಹುದಿತ್ತು. ಕಾಡುಹಂದಿಯ ಹೆಸರು ನಾಲಿಗೆಯ ತುದಿಗೇ ಬಂದಿತ್ತು.

"ಅವನು ನಿಮ್ಮೆದುರಿಗೇ ನಿಂತಿದ್ದಾನೆ ಬೋಪಯ್ಯನವರೇ" ಎಂದೆ.

 ಮೊದಲು ಎದ್ದವಳು ದೇಚು. ಲ್ಯಾಪ್‌ಟಾಪ್ ಎದೆಗವಚಿಕೊಂಡು, "ಅಪ್ಪ, ಜೀಪ್ ತೆಗೀರಿ. ಬೆಟ್ಟದ ತಿರುವಿಗೆ ಹೋಗುವ. ಸರ್, ನೀವೂ ಹತ್ತಿ" ಎಂದಳು.

ತಿರುವು ತಲುಪಿದಾಗ ಹನ್ನೊಂದಕ್ಕೆ ಏಳು ನಿಮಿಷ. ಬೋಪಯ್ಯನವರ ಫೋನಿನ ಸಿಗ್ನಲ್ ಒಂದು ಗೀಟು ಬರುತ್ತಿತ್ತು, ಹೋಗುತ್ತಿತ್ತು. ಎತ್ತರಕ್ಕೆ ಹಿಡಿದರೆ ಎರಡು ಗೀಟು. ನಾನು ಜೀಪಿನ ಎದುರಿದ್ದ ಬಂಡೆ ಹತ್ತಿ ಫೋನನ್ನು ಎರಡು ಕೈಯಿಂದ ಆಕಾಶಕ್ಕೆತ್ತಿ ನಿಂತೆ. ಬಾನೆಟ್ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ನನಗೆ ಬೆನ್ನು ಹಾಕಿ ದೇಚು.

ಮೂವತ್ತೈದು ನಿಮಿಷ! ಹತ್ತನೇ ನಿಮಿಷಕ್ಕೆ ತೋಳು ಮರಗಟ್ಟಿತು. ಇಪ್ಪತ್ತನೇ ನಿಮಿಷಕ್ಕೆ ಒಂದು ಜೇನುಹುಳ ಬಂದು ಮೂಗಿನ ಮೇಲೆ ಕೂತಿತು. ಅಲ್ಲಾಡುವ ಹಾಗಿಲ್ಲ. ಅಲ್ಲಾಡಿದರೆ ಸಿಗ್ನಲ್ ಹೋಗುತ್ತದೆ, ಸಿಗ್ನಲ್ ಹೋದರೆ ಹುಡುಗಿಯ ಎರಡು ವರ್ಷ ಹೋಗುತ್ತದೆ. ಕಚ್ಚುವುದಾದರೆ ಕಚ್ಚು ತಾಯಿ ಎಂದು ಕಣ್ಣು ಮುಚ್ಚಿದೆ. ಕಚ್ಚಿಯೇಬಿಟ್ಟಿತು. ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಇಳಿಸಲಿಲ್ಲ.

ಪರದೆಯಿಂದ ಒಂದು ಧ್ವನಿ ಕೇಳಿತು. "ನಿಮ್ಮ ಹಿಂದೆ ಕೈಯೆತ್ತಿ ಅಳುತ್ತಾ ನಿಂತಿರುವವರು ಯಾರಮ್ಮ?"

"ನಮ್ಮ ಮೇಷ್ಟ್ರು ಸರ್" ಎಂದಳು ದೇಚು. "ನಮ್ಮೂರಿಗೆ ನೆಟ್ಟಿನ ಎರಡನೇ ದಾರಿ ಇವರೇ."

ತಿರುವಿನಿಂದಲೇ ಫೋನ್ ಮಾಡಿದ್ದಕ್ಕೆ ಸಂಜೆ ಶಾಜಿ ಬಂದ. ಟೇಪು ಸುತ್ತಿದ ಗಂಟನ್ನು ಕತ್ತರಿಸಿ ಎಸೆದು, ಕೇಬಲನ್ನು ಹೊಸದಾಗಿ ಜೋಡಿಸಿದ. ನಂತರ, "ಮಾಷೇ, ಎರಡನೇ ಲೈನ್ ಎಳೀಲಿಕ್ಕೆ ಆಫೀಸಲ್ಲಿ ಒಪ್ಪಿದ್ರು" ಎಂದ.

ನನಗೆ ಹಿಗ್ಗಾಯಿತು. "ನೋಡಿದೆಯಾ! ನನ್ನ ಕಾಳಜಿಗೆ ಬೆಲೆ ಸಿಕ್ಕಿತು. ಎಲ್ಲಿಂದ ಎಳೀತೀಯ?"

"ನಿಮ್ಮ ಗೇಟಿಂದ ಎಷ್ಟು ದೂರ ಆಗ್ತದೋ, ಅಷ್ಟು ದೂರದಿಂದ."

ದೇಚುಗೆ ಸೀಟು ಸಿಕ್ಕಿತು. ಹೊರಡುವ ದಿನ ಸಿಹಿ ತಂದುಕೊಟ್ಟು, ಸುಮಿತ್ರಳ ಕಾಲಿಗೂ ನನ್ನ ಕಾಲಿಗೂ ನಮಸ್ಕರಿಸಿ, ನಗುತ್ತಾ ಹೋದಳು. ಯಾಕೆ ಅಷ್ಟು ನಕ್ಕಳೆಂದು ಆಗ ತಿಳಿಯಲಿಲ್ಲ.

ಕೇಬಲಿನ ಪಕ್ಕಕ್ಕೆ ಸರಿಸಿ ನೆಟ್ಟ ಹಾಲವಾಣ ಮಳೆ ಹಿಡಿದು ಚಿಗುರಿದೆ. ಮೆಣಸಿನ ಬಳ್ಳಿಯೂ ಹತ್ತಿಕೊಂಡಿದೆ. ಎಲೆ ಸರಿಸಿ ನೋಡಿದರೆ ನನ್ನ ಬೋರ್ಡು ಹಾಗೇ ಇದೆ: "ಇಲ್ಲಿ ಕೇಬಲ್ ಇದೆ. ಯಾರೂ ಅಗೆಯಬಾರದು." ಅದರ ಕೆಳಗೆ ಯಾರೋ ಬಿಳಿ ಬಣ್ಣದಲ್ಲಿ ಸೇರಿಸಿದ್ದಾರೆ: "ಮೇಷ್ಟ್ರೂ ಸೇರಿ."

ಅಳಿಸೋಣವೆಂದು ಬಟ್ಟೆ ಹಿಡಿದು ಹೋದವನು ಹಾಗೇ ವಾಪಸ್ಸು ಬಂದೆ. ಅಕ್ಷರ ಬಹಳ ದುಂಡಗಿತ್ತು. ಒಂದನೇ ತರಗತಿಯಲ್ಲಿ ಅದನ್ನು ತಿದ್ದಿಸಿದವನು ನಾನೇ!